ಕಾಲೇಜಿನ ಅಂಗಳಕ್ಕೆ ಮರಳಿದ ಕ್ರೀಡಾಂಗಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಎರಡು ಕಷ್ಟಗಳನ್ನೂ ಒಂದೇ ಕೆಲಸದಲ್ಲಿ ಅನುಭವಿಸಬೇಕೆಂಬ ಆಸೆ ಯಾರಿಗಾದರೂ ಇದ್ದರೆ ಅವರು ಅಮೆರಿಕದ ಒಂದು ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿ, ಅದರ ಆವರಣದಲ್ಲಿ ಒಂದು ಫುಟ್‌ಬಾಲ್ ಕ್ರೀಡಾಂಗಣವನ್ನು ಕಟ್ಟಿಸಲು ಹೊರಟರೆ ಸಾಕು. ಇಟ್ಟಿಗೆ, ಸಿಮೆಂಟು, ಉಕ್ಕುಗಳ ಲೆಕ್ಕ ಮನೆಯದು. ಯಾರನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು, ಯಾರ ಹೆಸರನ್ನು ಬಾಗಿಲ ಮೇಲೆ ಬರೆಸಬೇಕು, ನೆರೆಯವರ ಮುನಿಸನ್ನು ಹೇಗೆ ತಣಿಸಬೇಕು, ಕೊನೆಗೆ ಸಾಲವನ್ನು ಯಾರು ತೀರಿಸಬೇಕು ಎಂಬ ಲೆಕ್ಕ ಮದುವೆಯದು.

2009ರ ಸೆಪ್ಟೆಂಬರ್ 12ರಂದು ಅಮೆರಿಕದ ಉತ್ತರದ ಅಂಚಿನಲ್ಲಿರುವ ಮಿನ್ನೆಸೋಟ ವಿಶ್ವವಿದ್ಯಾನಿಲಯ ಇಂಥದೊಂದು ಗೃಹಪ್ರವೇಶವನ್ನು ನಡೆಸಿತು. ಐವತ್ತು ಸಾವಿರ ಜನ ಕೂರುವ ಹೊಸ ಕ್ರೀಡಾಂಗಣ. ಎದುರಾಳಿಗಳಾಗಿ ಬಂದವರು ವಾಯುಪಡೆಯ ವಿದ್ಯಾಲಯದವರು. ಆತಿಥೇಯರು 20ಕ್ಕೆ 13ರಂತೆ ಗೆದ್ದರು. ಗೆಲುವಿಗಿಂತ ಹೆಚ್ಚಿನ ಸಂಭ್ರಮಕ್ಕೆ ಕಾರಣ ಬೇರೆಯಿತ್ತು. 27 ಋತುಗಳ ಕಾಲ ಊರೊಳಗಿನ ಬಾಡಿಗೆ ಮನೆಯಲ್ಲಿದ್ದ ಸಂಸಾರ ಅಂದು ಸ್ವಂತ ಅಂಗಳಕ್ಕೆ ಮರಳಿತ್ತು. ಮರಳಿತ್ತು ಎಂದೇ ಹೇಳಬೇಕು. ಏಕೆಂದರೆ ಅವರಿಗೆ ಹಿಂದೆ ಸ್ವಂತ ಮನೆಯಿತ್ತು. ಅದನ್ನು ಬಿಟ್ಟು ಹೋದವರೂ ಅವರೇ, ಕೆಡವಿದವರೂ ಅವರೇ. ಏಕೆ ಕಟ್ಟಿದರು, ಏಕೆ ಬಿಟ್ಟರು, ಏಕೆ ಮತ್ತೆ ಕಟ್ಟಿದರು ಎಂದು ಕೇಳುತ್ತ ಹೋದರೆ ಕಾಲೇಜಿಗೂ ಆಟಕ್ಕೂ ಇರುವ ನಂಟಿನ ಒಂದು ನೂರು ವರ್ಷದ ಚರಿತ್ರೆ ತೆರೆದುಕೊಳ್ಳುತ್ತದೆ.

ಮೊದಲು ಆಟದ ಮಾತು. ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಆಟ ಇದಲ್ಲ. ಅಮೆರಿಕದವರ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಉದ್ದುದ್ದವಾಗಿ, ಎರಡು ತುದಿಯಲ್ಲಿ ಚೂಪಾಗಿರುತ್ತದೆ. ಹನ್ನೊಂದು ಮಂದಿಯ ತಂಡ ಅದನ್ನು ಹಿಡಿದು ಓಡಿಯೋ ಎಸೆದೋ ಎದುರಾಳಿಯ ಗಡಿಯನ್ನು ದಾಟಿಸಬೇಕು. ಎದುರಾಳಿಗಳು ಮೈಮೇಲೆ ಬಿದ್ದು ತಡೆಯಬೇಕು. ಗಡಿಯಿಂದ ಗಡಿಗೆ 100 ಗಜ. ಅಂಕಣದ ಅಗಲ 160 ಅಡಿ. ಆಟದ ಋತು ಬೇಸಿಗೆ ಕಳೆದು ಕಾಲೇಜು ತೆರೆದೊಡನೆ ಆರಂಭವಾಗಿ ಚಳಿ ಬಲಿಯುವ ವೇಳೆಗೆ ಮುಗಿಯುತ್ತದೆ. ಆಟಗಳಲ್ಲಿ ಅರ್ಧ ಪರಸ್ಥಳದಲ್ಲಿ, ಅರ್ಧ ಸ್ವಸ್ಥಳದಲ್ಲಿ. ಆದ್ದರಿಂದ ಒಂದು ಕಾಲೇಜು ತನ್ನ ಅಂಗಳದಲ್ಲಿ ವರ್ಷಕ್ಕೆ ಆಡುವುದು ಆರೋ ಏಳೋ ಆಟ, ಬಹುಮಟ್ಟಿಗೆ ಶನಿವಾರಗಳಂದು. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ಲಕ್ಷ, ಕೋಟಿ ಡಾಲರುಗಳೆಲ್ಲ ವರ್ಷದ ಆರೇಳು ದಿನಗಳ ಸಲುವಾಗಿ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಆಟ ಪೂರ್ವ ತೀರದ ಹಳೆಯ ಕಾಲೇಜುಗಳಲ್ಲಿ ಬೆಳೆಯಿತು. ಪ್ರೇಕ್ಷಕರಿಗೆ ಮರದ ಹಲಗೆಯ ಮೆಟ್ಟಿಲುಸಾಲುಗಳಿದ್ದವು. ಮರ ಮಳೆಗೆ ಕೊಳೆಯುತ್ತದೆ, ಬೆಂಕಿಗೆ ಅಂಜುತ್ತದೆ, ಜನ ಹೆಚ್ಚಿದರೆ ಮುರಿಯುತ್ತದೆ. ಜನವಂತೂ ವರ್ಷ ವರ್ಷಕ್ಕೆ ಹೆಚ್ಚುತ್ತಿದ್ದರು. ಆಗ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಒಂದು ಹೊಸ ವಿಚಾರ ಹುಟ್ಟಿತು. ಎಂಜಿನಿಯರಿಂಗ್ ಪ್ರಾಧ್ಯಾಪಕರಾದ ಐರಾ ಹಾಲಿಸ್ ಅಲ್ಲಿಯ ಆಟಗಳ ಸಮಿತಿಗೂ ಅಧ್ಯಕ್ಷರು. ಉಕ್ಕಿನ ಸರಳುಗಳನ್ನು ಹುದುಗಿಸಿದ ಕಾಂಕ್ರೀಟಿನಲ್ಲಿ ಪ್ರಾಚೀನ ಗ್ರೀಕರ ಮಾದರಿಯ ಕ್ರೀಡಾಂಗಣವನ್ನೇ ಕಟ್ಟಬಹುದೆಂದು ಅವರು ವಾದಿಸಿದರು. ಅಷ್ಟು ದೊಡ್ಡ ಕಟ್ಟಡಕ್ಕೆ, ಅದೂ ನ್ಯೂ ಇಂಗ್ಲೆಂಡಿನ ಹಿಮಕ್ಕೆ ಬಯಲಾಗಿ ನಿಲ್ಲುವ ಕಟ್ಟಡಕ್ಕೆ, ಆ ಸಾಮಗ್ರಿ ಒಗ್ಗುವುದೇ ಎಂಬ ಸಂಶಯ ಆಗ ಸಹಜವಾಗಿತ್ತು. ಅವರ ಸಹೋದ್ಯೋಗಿ ಲೂಯಿಸ್ ಜಾನ್ಸನ್ ಲೆಕ್ಕ ಹಾಕಿದರು. 1879ರಲ್ಲಿ ಪದವಿ ಪಡೆದು ಹೊರಬಂದ ತರಗತಿಯವರು ತಮ್ಮ ಇಪ್ಪತ್ತೈದನೆಯ ವರ್ಷದ ಕಾಣಿಕೆಯಾಗಿ 1,00,000 ಡಾಲರು ಕೊಟ್ಟರು. ಒಟ್ಟು ವೆಚ್ಚ ಸುಮಾರು 3,10,000 ಡಾಲರು; ಉಳಿದ ಹಣ ಮುಖ್ಯವಾಗಿ ಆಟದ ಟಿಕೆಟ್ಟುಗಳಿಂದ ಬರಬೇಕಾಗಿತ್ತು.

ಚಾರ್ಲ್ಸ್ ನದಿಯ ದಡದ ಸೋಲ್ಜರ್ಸ್ ಫೀಲ್ಡ್ ಎಂಬ ಬಯಲಿನಲ್ಲಿ 1903ರ ಬೇಸಿಗೆಯಲ್ಲಿ ಕೆಲಸ ಆರಂಭವಾಯಿತು. ಅಂತರ್ಯುದ್ಧದಲ್ಲಿ ಮಡಿದ ತನ್ನ ಆರು ಮಂದಿ ಗೆಳೆಯರ ನೆನಪಿಗಾಗಿ ಹೆನ್ರಿ ಹಿಗಿನ್‌ಸನ್ ಎಂಬ ಮಹನೀಯರು 1890ರಲ್ಲಿ ಕೊಟ್ಟ ನೆಲ ಅದು. ಕೂರುವ ಮೆಟ್ಟಿಲುಗಳ ಚಪ್ಪಡಿಗಳನ್ನು ಬೇರೆಯಾಗಿ ಎರಕ ಹೊಯ್ದು, ಒಣಗಿಸಿ, ಆಮೇಲೆ ಎತ್ತಿ ಕೂರಿಸಿದರು. ಐದು ತಿಂಗಳೊಳಗೆ ಕುದುರೆಲಾಳದ ಆಕಾರದ ಕಟ್ಟಡ ಎದ್ದು ನಿಂತಿತು. ನವೆಂಬರ್ 14ರಂದು, ಕೆಲಸ ಪೂರ್ತಿ ಮುಗಿಯುವ ಮೊದಲೇ, ಡಾರ್ಟ್‌ಮತ್ ಕಾಲೇಜಿನವರೊಡನೆ ಪ್ರಥಮ ಪಂದ್ಯ ನಡೆಯಿತು. ಅತಿಥಿಗಳು 11ಕ್ಕೆ ಸೊನ್ನೆಯಂತೆ ಗೆದ್ದರು. ಮರುವಾರ ಯೇಲ್ ವಿಶ್ವವಿದ್ಯಾನಿಲಯದವರು ಬಂದು 16ಕ್ಕೆ ಸೊನ್ನೆಯಂತೆ ಗೆದ್ದರು. ಗೃಹಪ್ರವೇಶದ ಶಾಸ್ತ್ರ ಹೀಗಾದರೂ ಮನೆ ಮಾತ್ರ ಗಟ್ಟಿಯಾಗಿತ್ತು. ನೂರಿಪ್ಪತ್ತು ಹಿಮಗಾಲಗಳನ್ನು ಕಂಡ ಆ ಕಟ್ಟಡ ಇಂದಿಗೂ ಆಟಕ್ಕೆ ಬಳಕೆಯಲ್ಲಿದೆ. 1987ರಲ್ಲಿ ಅದನ್ನು ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂದು ಸಾರಿದರು.

ಇಲ್ಲಿ ಒಂದು ವಿನೋದವನ್ನು ಗಮನಿಸಬೇಕು. ಆಗ ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಫುಟ್‌ಬಾಲಿನ ಕಡುವೈರಿ. ಈ ಆಟ ವಿದ್ಯಾರ್ಥಿಗಳಿಗೆ ಮೋಸವನ್ನೂ ಕ್ರೌರ್ಯವನ್ನೂ ಕಲಿಸುತ್ತದೆಂಬುದು ಅವರ ಮತ. ಅವರ ಕಣ್ಣೆದುರಿನಲ್ಲೇ ಅವರ ಪ್ರಾಧ್ಯಾಪಕರು ಆ ಆಟಕ್ಕೆ ಕಲ್ಲಿನಂಥ ಮನೆ ಕಟ್ಟಿದರು. ಎರಡೇ ವರ್ಷಗಳಲ್ಲಿ ಅವರ ಮಾತಿಗೆ ದೇಶವೇ ಕಿವಿಗೊಡುವ ಸಂದರ್ಭ ಬಂದಿತು. 1905ರ ಋತುವಿನಲ್ಲಿ ಆಟದ ಪೆಟ್ಟಿನಿಂದ ದೇಶದಲ್ಲಿ ಹದಿನೆಂಟು ಮಂದಿ ಹುಡುಗರು ಸತ್ತರೆಂದು ಪತ್ರಿಕೆಗಳು ಬರೆದವು. ಹಾರ್ವರ್ಡಿನಲ್ಲೇ ಓದಿದ್ದ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಅದೇ ವರ್ಷದ ಅಕ್ಟೋಬರಿನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಗಳವರನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ತಿದ್ದಿಕೊಳ್ಳುವಂತೆ ಹೇಳಿದರು.

ಹೇಗೆ ತಿದ್ದುವುದು? ಆಟಗಾರರು ಒಂದೇ ಕಡೆ ಮುದ್ದೆಗಟ್ಟಿ ನುಗ್ಗುವುದರಿಂದಲೇ ಪೆಟ್ಟು ಬೀಳುತ್ತದೆ; ಅಂಕಣವನ್ನು ಅಗಲ ಮಾಡಿದರೆ ಜನ ಹರಡಿಕೊಳ್ಳುತ್ತಾರೆ ಎಂಬುದು ಒಂದು ಸಲಹೆ. ಆದರೆ ಹಾರ್ವರ್ಡಿನ ಕಾಂಕ್ರೀಟು ಆಗತಾನೆ ಗಟ್ಟಿಯಾಗಿತ್ತು. ಮರದ ಸಾಲುಗಳಾದರೆ ಹಿಂದಕ್ಕೆ ಸರಿಸಬಹುದು. ಈ ಗೋಡೆಗಳನ್ನು ಸರಿಸುವವರಾರು? ಆದ್ದರಿಂದ ಅಗಲದ ಮಾತು ಬಿದ್ದುಹೋಯಿತೆಂದೂ, ಅದರ ಬದಲು ಚೆಂಡನ್ನು ಮುಂದಕ್ಕೆ ಎಸೆಯಬಹುದೆಂಬ ಹೊಸ ನಿಯಮ 1906ರಲ್ಲಿ ಬಂದಿತೆಂದೂ ಆಟದ ಚರಿತ್ರಕಾರರು ಹೇಳುತ್ತಾರೆ. ಇಂದು ಆ ಆಟದ ಸೊಗಸೆಲ್ಲ ಇರುವುದು ಆ ಎಸೆತದಲ್ಲಿ. ಆಟಕ್ಕಾಗಿ ಕಟ್ಟಿದ ಕಟ್ಟಡ ಆಟವನ್ನೇ ತನ್ನ ಅಳತೆಗೆ ಹೊಲಿಯಿತು. ಮುಂದಿನ ಕಥೆಯಲ್ಲಿ ಇದೇ ಸಂಗತಿ ಮತ್ತೆ ಮತ್ತೆ ಬರುತ್ತದೆ.

ಹಾರ್ವರ್ಡ್ ಕಟ್ಟಿದ ಮೇಲೆ ಯೇಲ್ ಸುಮ್ಮನಿದ್ದೀತೆ? 1914ರಲ್ಲಿ ನ್ಯೂ ಹೇವನ್ ನಗರದಲ್ಲಿ ಅವರು ಎಪ್ಪತ್ತು ಸಾವಿರ ಜನ ಕೂರುವ ಒಂದು ಬೋಗುಣಿಯನ್ನು ತೆರೆದರು. ಅದರ ಹೆಸರೇ ಯೇಲ್ ಬೋಲ್, ಎಂದರೆ ಯೇಲಿನ ಬೋಗುಣಿ. ಚಾರ್ಲ್ಸ್ ಫೆರಿ ಎಂಬ ಎಂಜಿನಿಯರರ ಉಪಾಯ ನಮ್ಮ ಕೆರೆ ತೋಡುವವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಡುವೆ ನೆಲವನ್ನು ಅಗೆದು, ಆ ಮಣ್ಣನ್ನೇ ಸುತ್ತಲೂ ಏರಿಯಾಗಿ ಹಾಕಿ, ಏರಿಯ ಒಳಮೈಗೆ ಮೆಟ್ಟಿಲು ಹಾಸಿದರು. ಅರ್ಧ ಕಟ್ಟಡ ನೆಲದ ಕೆಳಗೆ, ಅರ್ಧ ಮೇಲೆ. ಒಳಗೆ ಹೋಗಲು ಏರಿಯನ್ನು ಸೀಳಿಕೊಂಡು ಹೋದ ಸುರಂಗಗಳು. ಪ್ರಥಮ ಪಂದ್ಯದಲ್ಲಿ ಹಾರ್ವರ್ಡ್ 36ಕ್ಕೆ ಸೊನ್ನೆಯಂತೆ ಗೆದ್ದು ಹಳೆಯ ಸಾಲವನ್ನು ತೀರಿಸಿತು. ಆದರೆ ಒಂದು ಮಾತು. ಅಷ್ಟು ದೊಡ್ಡ ಬೋಗುಣಿಗೆ ಕಾಲೇಜಿನ ಹಳೆಯ ಕಟ್ಟಡಗಳ ನಡುವೆ ಸ್ಥಳವೆಲ್ಲಿಯದು? ಅದು ಊರ ಪಶ್ಚಿಮಕ್ಕೆ, ವಿದ್ಯಾರ್ಥಿಗಳ ಕೊಠಡಿಗಳಿಂದ ಒಂದೆರಡು ಮೈಲಿ ದೂರದಲ್ಲಿತ್ತು. ಕ್ರೀಡಾಂಗಣ ದೊಡ್ಡದಾದಷ್ಟೂ ಪಾಠಶಾಲೆಯಿಂದ ದೂರ ಸರಿಯಿತು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಈ ಕಟ್ಟುವ ಹುಮ್ಮಸ್ಸು ಮಧ್ಯ ಪಶ್ಚಿಮದ ಸರ್ಕಾರಿ ವಿಶ್ವವಿದ್ಯಾನಿಲಯಗಳಿಗೆ ಹಬ್ಬಿತು. ಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳಿಗೆ ಸ್ಮಾರಕ ಬೇಕು; ಜನಕ್ಕೆ ಆಟ ನೋಡಲು ಜಾಗ ಬೇಕು. ಎರಡನ್ನೂ ಸೇರಿಸಿದರು. ಇಲಿನಾಯ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ 1923ರಲ್ಲಿ ಪ್ರಥಮ ಪಂದ್ಯ ನಡೆಯಿತು; ಅದರ ಎರಡು ಪಕ್ಕಗಳಲ್ಲಿ ಸಾಲಾಗಿ ನಿಂತ ಕಂಬಗಳ ಮೇಲೆ ಮಡಿದವರ ಹೆಸರುಗಳಿವೆ. ಓಹಾಯೋದಲ್ಲಿ ಹತ್ತು ಲಕ್ಷ ಡಾಲರಿಗೂ ಮೇಲ್ಪಟ್ಟು ಚಂದಾ ವಾಗ್ದಾನವಾಯಿತು. 66,000 ಜನಕ್ಕೆ ಸ್ಥಳವಿರುವ ಕುದುರೆಲಾಳದ ಕ್ರೀಡಾಂಗಣ 1922ರಲ್ಲಿ ತೆರೆಯಿತು. ಇಷ್ಟು ದೊಡ್ಡದು ಎಂದಾದರೂ ತುಂಬೀತೇ ಎಂದು ಅನುಮಾನಿಸಿದವರಿದ್ದರು. ಮಿಷಿಗನ್ನಿನಲ್ಲಿ ಫೀಲ್ಡಿಂಗ್ ಯೋಸ್ಟ್ ಎಂಬ ಚತುರರು ತಲಾ 500 ಡಾಲರಿನ 3,000 ಸಾಲಪತ್ರಗಳನ್ನು ಮಾರಿ 1927ರಲ್ಲಿ 72,000 ಜನರ ಬೋಗುಣಿಯನ್ನು ತೋಡಿಸಿದರು. ಅದು ಬೆಳೆದು ಬೆಳೆದು ಇಂದು ಲಕ್ಷಕ್ಕೂ ಮಿಕ್ಕ ಜನರನ್ನು ಹಿಡಿಸುತ್ತದೆ.

ನಮ್ಮ ಕಥೆಯ ಮಿನ್ನೆಸೋಟ ಕಟ್ಟಿದ್ದು 1924ರಲ್ಲಿ. ಅದೂ ಸ್ಮಾರಕವೇ, ಯುದ್ಧಕ್ಕೆ ಹೋದ 3,500ಕ್ಕೂ ಹೆಚ್ಚು ಮಂದಿ ವಿದ್ಯಾರ್ಥಿಗಳ, ಪದವೀಧರರ, ನೌಕರರ ಗೌರವಾರ್ಥ ಮಾಡಿದ್ದು. ಇಟ್ಟಿಗೆಯ ಗೋಡೆ, ದೊಡ್ಡ ಕಮಾನಿನ ಬಾಗಿಲು. ಜನ ಅದನ್ನು ಪ್ರೀತಿಯಿಂದ ಇಟ್ಟಿಗೆ ಮನೆ ಎಂದು ಕರೆದರು. ಬರ್ನಿ ಬೀರ್ಮನ್ ಎಂಬ ಗುರುವಿನ ಕೈಕೆಳಗೆ 1934ರಿಂದ 1941ರೊಳಗೆ ಐದು ಸಲ ಆ ತಂಡ ರಾಷ್ಟ್ರದಲ್ಲೇ ಮೊದಲನೆಯದೆನಿಸಿಕೊಂಡಿತು. ಆಟದ ದಿನ ವಿದ್ಯಾರ್ಥಿಗಳು ಕೊಠಡಿಯಿಂದ ಹೊರಟು ಕಾಲುನಡಿಗೆಯಲ್ಲಿ ಬರುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಓದಿ ಹೋದವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ತಮ್ಮ ತರಗತಿಯ ಕಿಟಕಿಯನ್ನು ತೋರಿಸಿ ಆಮೇಲೆ ಆಟಕ್ಕೆ ಹೋಗಬಹುದಾಗಿತ್ತು.

ರೇಡಿಯೋ ಇಟ್ಟುಕೊಂಡಿರುವ ನಮಗೆ ಈ ಕಾಲದ ಇನ್ನೊಂದು ಸಂಗತಿ ಸ್ವಾರಸ್ಯವಾಗಿ ತೋರಬಹುದು. 1921ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗ್ ನಗರದ ಕೇಂದ್ರವೊಂದು ಕಾಲೇಜು ಫುಟ್‌ಬಾಲ್ ಪಂದ್ಯದ ವರ್ಣನೆಯನ್ನು ನೇರವಾಗಿ ಬಿತ್ತರಿಸಿತು. ಮರುವರ್ಷ ಷಿಕಾಗೋ ವಿಶ್ವವಿದ್ಯಾನಿಲಯದ ಅಂಗಳದಲ್ಲಿ ಪ್ರಿನ್ಸ್‌ಟನ್ನಿನವರು ಆಡಿದ ಪಂದ್ಯವನ್ನು ದೂರವಾಣಿಯ ತಂತಿಯ ಮೂಲಕ ನ್ಯೂಯಾರ್ಕಿಗೆ ಒಯ್ದು ಅಲ್ಲಿಂದ ಬಿತ್ತರಿಸಿದರು. ಕಾಲೇಜಿನ ಮೆಟ್ಟಿಲನ್ನೇ ಹತ್ತದವನೂ ಅಂದಿನಿಂದ ಒಂದು ಕಾಲೇಜನ್ನು ತನ್ನದೆಂದು ಕರೆಯತೊಡಗಿದ. ಮನೆಯ ಹಬ್ಬ ಊರ ಜಾತ್ರೆಯಾಯಿತು. ಜಾತ್ರೆಗೆ ಬಂದವನ ಕಾಸಿನಿಂದ ತೇರು ಎಳೆಯುವುದು ಸುಲಭ. ಆದರೆ ತೇರು ಯಾರದು ಎಂಬ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ. 1929ರಲ್ಲಿ ಕಾರ್ನೆಗೀ ಪ್ರತಿಷ್ಠಾನ ಒಂದು ದೊಡ್ಡ ವರದಿಯನ್ನು ಪ್ರಕಟಿಸಿ, ಕಾಲೇಜು ಆಟಗಳು ವ್ಯಾಪಾರವಾಗಿವೆಯೆಂದೂ ಆಟಗಾರರಿಗೆ ಗುಟ್ಟಾಗಿ ಹಣ ಸಲ್ಲುತ್ತಿದೆಯೆಂದೂ ಎಚ್ಚರಿಸಿತು.

ಆ ಎಚ್ಚರಿಕೆಯನ್ನು ಮನಸ್ಸಿಗೆ ತೆಗೆದುಕೊಂಡವರು ಕಡಮೆ. ತೆಗೆದುಕೊಂಡವರಲ್ಲಿ ಮುಖ್ಯರು ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್. ಒಂದು ಕಾಲಕ್ಕೆ ಫುಟ್‌ಬಾಲಿನಲ್ಲಿ ಹೆಸರಾಂತ ಆ ವಿದ್ಯಾಲಯ 1939ರಲ್ಲಿ ಮಿಷಿಗನ್ನಿನ ಎದುರು 85ಕ್ಕೆ ಸೊನ್ನೆಯಂತೆ ಸೋತಿತು. ವರ್ಷದ ಕೊನೆಗೆ ಹಚಿನ್ಸರು ಆಟವನ್ನೇ ನಿಲ್ಲಿಸಿದರು. ಸ್ಟ್ಯಾಗ್ ಫೀಲ್ಡ್ ಎಂಬ ಅವರ ಕ್ರೀಡಾಂಗಣ ಬರಿದಾಯಿತು. ಆ ಬರಿದಾದ ಮೆಟ್ಟಿಲುಸಾಲುಗಳ ಕೆಳಗಿನ ಒಂದು ಕೋಣೆಯಲ್ಲಿ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಅವರ ಸಂಗಡಿಗರು ಪರಮಾಣುವಿನ ಸರಪಳಿ ಕ್ರಿಯೆಯನ್ನು ಮಾನವ ಚರಿತ್ರೆಯಲ್ಲಿ ಮೊದಲ ಸಲ ತಮ್ಮ ಹಿಡಿತದಲ್ಲಿಟ್ಟು ನಡೆಸಿ ತೋರಿಸಿದರು. ಆ ಮೆಟ್ಟಿಲುಸಾಲುಗಳನ್ನು 1957ರಲ್ಲಿ ಕೆಡವಿದರು. 1970ರಲ್ಲಿ ಆ ಜಾಗದಲ್ಲಿ ವಿಶ್ವವಿದ್ಯಾನಿಲಯದ ದೊಡ್ಡ ಗ್ರಂಥಾಲಯ ತೆರೆಯಿತು. ಷಿಕಾಗೋದಲ್ಲಿ ಫುಟ್‌ಬಾಲ್ ಮತ್ತೆ ಬಂದಿದೆ, ಆದರೆ ಸಣ್ಣ ಪ್ರಮಾಣದಲ್ಲಿ. ಕ್ರೀಡಾಂಗಣವಿಲ್ಲದೆಯೂ ದೊಡ್ಡ ವಿದ್ಯಾಲಯ ಬದುಕಬಲ್ಲುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕ್ರೀಡಾಂಗಣವನ್ನು ವರ್ಷವೆಲ್ಲ ದುಡಿಸಿಕೊಳ್ಳಬಹುದು ಎಂಬುದಕ್ಕೂ ಒಂದು ಸಾಕ್ಷಿಯಿದೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಓದುವ ಆಸೆಯಿದ್ದೂ ಊಟ ವಸತಿಗೆ ಗತಿಯಿಲ್ಲದ ಹುಡುಗರಿಗೆ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯ ತನ್ನ ಕ್ರೀಡಾಂಗಣದ ಗೋಪುರದಲ್ಲೇ ವಸತಿಗೃಹವನ್ನು ಮಾಡಿಕೊಟ್ಟಿತು. 1933ರಲ್ಲಿ ಸೈನಿಕರ ಮಂಚಗಳನ್ನು ಹಾಕಿ ಆರಂಭವಾದ ಆ ಏರ್ಪಾಡು 1990ರ ದಶಕದ ಕೊನೆಯವರೆಗೂ ನಡೆಯಿತು. ವರ್ಷಕ್ಕೆ ಆರು ದಿನ ತಲೆಯ ಮೇಲೆ ಎಪ್ಪತ್ತು ಎಂಬತ್ತು ಸಾವಿರ ಜನರ ಕೂಗು. ಉಳಿದ ದಿನ ಅದೇ ಛಾವಣಿಯ ಕೆಳಗೆ ಪಾಠ ಓದುವ ಹುಡುಗರು. ಆವರಣದೊಳಗೆ ಇದ್ದುದರಿಂದ ತಾನೇ ಇದು ಸಾಧ್ಯವಾದದ್ದು?

ಇನ್ನು ಬಿಟ್ಟುಹೋದ ಕಥೆ. ಎರಡನೆಯ ಮಹಾಯುದ್ಧದ ತರುವಾಯ ಟೆಲಿವಿಷನ್ನಿನ ಬಲದಿಂದ ವೃತ್ತಿ ತಂಡಗಳ ಫುಟ್‌ಬಾಲ್ ಬೆಳೆಯಿತು. ನಗರಗಳು ಅವಕ್ಕಾಗಿ ಭಾರಿ ಕ್ರೀಡಾಂಗಣಗಳನ್ನು ಕಟ್ಟಿದವು. ಹಳೆಯ ಕಟ್ಟಡಗಳು ಸೋರುತ್ತಿದ್ದ ಕಾಲೇಜುಗಳಿಗೆ ಅವು ಬಾಗಿಲು ತೆರೆದು ಕರೆದವು. ನ್ಯೂ ಆರ್ಲಿಯನ್ಸ್ ನಗರದ ಟುಲೇನ್ ವಿಶ್ವವಿದ್ಯಾನಿಲಯಕ್ಕೆ ತನ್ನದೇ ಆವರಣದಲ್ಲಿ ಎಂಬತ್ತು ಸಾವಿರ ಜನ ಹಿಡಿಯುವ ಕ್ರೀಡಾಂಗಣವಿತ್ತು. ಅದನ್ನು ಬಿಟ್ಟು 1975ರಲ್ಲಿ ಅವರು ನಗರದ ನಡುವಿನ ಸೂಪರ್‌ಡೋಮ್ ಎಂಬ ಮುಚ್ಚಿದ ಮಹಾಭವನಕ್ಕೆ ಹೋದರು. ಹಳೆಯದನ್ನು ಕೆಲವೇ ವರ್ಷಗಳಲ್ಲಿ ಕೆಡವಿದರು. ಕೊಲರಾಡೊ ರಾಜ್ಯ ವಿಶ್ವವಿದ್ಯಾನಿಲಯ ಅದಕ್ಕೂ ಮುಂಚೆ, 1968ರಲ್ಲಿ, ಊರ ಹೊರಗಿನ ಬೆಟ್ಟದ ತಪ್ಪಲಿಗೆ ತನ್ನ ಆಟವನ್ನು ಸಾಗಿಸಿತ್ತು. ಮಿನ್ನೆಸೋಟ ಹೊರಟದ್ದು 1982ರಲ್ಲಿ, ಮಿಸಿಸಿಪಿ ನದಿಯ ಆಚೆ ಮಿನಿಯಾಪೊಲಿಸ್ ಪಟ್ಟಣದ ನಡುವೆ ಕಟ್ಟಿದ ಮೆಟ್ರೊಡೋಮಿಗೆ.

ಮೆಟ್ರೊಡೋಮ್ ಒಂದು ಅಚ್ಚರಿಯ ಕಟ್ಟಡ. ಅದರ ಛಾವಣಿ ಗಾಜಿನ ನಾರಿನ ಬಟ್ಟೆಯದು. ಒಳಗೆ ಸದಾ ಗಾಳಿಯನ್ನು ಊದಿ, ಆ ಒತ್ತಡದಿಂದಲೇ ಅದನ್ನು ಮೇಲೆ ನಿಲ್ಲಿಸಿದ್ದರು. ಹೊರಗೆ ಹಿಮ ಸುರಿಯುತ್ತಿದ್ದರೂ ಒಳಗೆ ಬೆಚ್ಚಗೆ. ಮೈ ಕೊರೆಯುವ ಚಳಿಯಲ್ಲಿ ಅರ್ಧ ಶತಮಾನ ಕೂತ ಜನಕ್ಕೆ ಇದು ವರವಲ್ಲದೆ ಮತ್ತೇನು? ರಿಪೇರಿಯ ಖರ್ಚಿಲ್ಲ, ಹೊಸ ಕಟ್ಟಡದ ಚಿಂತೆಯಿಲ್ಲ. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಇದು ಜಾಣತನದ ಕೆಲಸವೇ ಆಗಿತ್ತು. 1992ರಲ್ಲಿ ಇಟ್ಟಿಗೆ ಮನೆಯನ್ನು ಕೆಡವಿದರು. ಕಮಾನಿನ ಇಟ್ಟಿಗೆಗಳನ್ನು ಮಾತ್ರ ಜೋಪಾನವಾಗಿ ತೆಗೆದಿಟ್ಟು, 2000ದಲ್ಲಿ ಅದೇ ಜಾಗದಲ್ಲಿ ಕಟ್ಟಿದ ಹಳೆಯ ವಿದ್ಯಾರ್ಥಿಗಳ ಭವನದೊಳಗೆ ಮತ್ತೆ ಜೋಡಿಸಿದರು.

ಲೆಕ್ಕದ ಪುಸ್ತಕಕ್ಕೆ ಸಿಕ್ಕದ ನಷ್ಟ ನಿಧಾನವಾಗಿ ಕಾಣಿಸಿಕೊಂಡಿತು. ಆ ಭವನ ಬಣ್ಣ ಬಣ್ಣದ ಬೇರೆ ಬೇರೆ ತಂಡಗಳದು. ಅಲ್ಲಿ ವೃತ್ತಿ ಫುಟ್‌ಬಾಲಿನವರೂ ಬೇಸ್‌ಬಾಲಿನವರೂ ಇದ್ದರು; ವಿಶ್ವವಿದ್ಯಾನಿಲಯ ಮೂರನೆಯ ಬಾಡಿಗೆದಾರ. ಅರವತ್ತು ಸಾವಿರಕ್ಕೂ ಮೀರಿದ ಪೀಠಗಳಲ್ಲಿ ಖಾಲಿ ಸಾಲುಗಳೇ ಕಣ್ಣಿಗೆ ಹೊಡೆಯುತ್ತಿದ್ದವು. ವಿದ್ಯಾರ್ಥಿಗಳು ಬಸ್ಸು ಹಿಡಿದು ಹೋಗಬೇಕು. ಹಳೆಯ ವಿದ್ಯಾರ್ಥಿಗಳು ದೂರದ ಊರಿನಿಂದ ಬಂದರೂ ಪಟ್ಟಣದಲ್ಲಿ ವಾಹನ ನಿಲ್ಲಿಸಿ, ಆಟ ನೋಡಿ, ತಾವು ಓದಿದ ಕಟ್ಟಡದ ಮುಖವನ್ನೂ ನೋಡದೆ ಹಿಂದಿರುಗುತ್ತಿದ್ದರು. ಕಾಲೇಜಿಗೆ ಒಂದಿಷ್ಟು ಹಣ ಕೊಡುವ ಮನಸ್ಸು ಹುಟ್ಟುವುದು ಆಟದ ಅಂಕದಿಂದಲ್ಲ, ಆ ಮುಖದರ್ಶನದಿಂದ ಎಂಬುದು ವಿಶ್ವವಿದ್ಯಾನಿಲಯದವರಿಗೆ ಅರಿವಾಯಿತು.

ಮತ್ತೆ ಕಟ್ಟಬೇಕೆಂದು ನಿಶ್ಚಯಿಸಿದಾಗ ಹಣದ ಪ್ರಶ್ನೆ ಬಂದಿತು. 1924ರಲ್ಲಿ ಚಂದಾ ಎತ್ತಿದಂತೆ ಈಗ ಎತ್ತಿ ಮುಗಿಸುವಂತಿರಲಿಲ್ಲ. ರಾಜ್ಯದ ಶಾಸನಸಭೆ 2006ರ ಮೇ ತಿಂಗಳಲ್ಲಿ ಒಂದು ಕಾನೂನು ಮಾಡಿತು. ಒಟ್ಟು ವೆಚ್ಚ 28 ಕೋಟಿ 85 ಲಕ್ಷ ಡಾಲರಿಗೆ ಮುಟ್ಟಿತು. ಅದರಲ್ಲಿ ಸುಮಾರು ಅರ್ಧದಷ್ಟನ್ನು ರಾಜ್ಯ ವಹಿಸಿಕೊಂಡಿತು. ಟಿ.ಸಿ.ಎಫ್. ಎಂಬ ಬ್ಯಾಂಕು ತನ್ನ ಹೆಸರನ್ನು ಕಟ್ಟಡಕ್ಕಿಡುವ ಕರಾರಿನ ಮೇಲೆ ಮೂರೂವರೆ ಕೋಟಿ ಡಾಲರು ಕೊಟ್ಟಿತು. ದಾನಿಗಳು ಕೊಟ್ಟರು. ವಿದ್ಯಾರ್ಥಿಗಳೂ ಕೊಟ್ಟರು, ಅಥವಾ ಅವರಿಂದ ತೆಗೆದುಕೊಂಡರು: ಆಟ ನೋಡುವವನಾಗಲಿ ನೋಡದವನಾಗಲಿ, ಪ್ರತಿಯೊಬ್ಬನ ಶುಲ್ಕಕ್ಕೂ ವರ್ಷಕ್ಕೆ 25 ಡಾಲರು ಸೇರಿತು. ರಾಜ್ಯದ ಹಣ ಬಂದುದರ ಗುರುತಾಗಿ ಮಿನ್ನೆಸೋಟದ 87 ಜಿಲ್ಲೆಗಳ ಹೆಸರುಗಳನ್ನೂ ಕ್ರೀಡಾಂಗಣದಲ್ಲಿ ಬರೆಸಿದರು. ಯುದ್ಧಕ್ಕೆ ಹೋದವರ ಸ್ಮಾರಕಕ್ಕೂ ಸ್ಥಳವಿಟ್ಟರು. ಆದರೆ ಹೆಬ್ಬಾಗಿಲ ಮೇಲೆ ಬಂದದ್ದು ಬ್ಯಾಂಕಿನ ಹೆಸರು. ಆ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾದಾಗ, 2021ರಲ್ಲಿ, ಕ್ರೀಡಾಂಗಣದ ಹೆಸರೂ ಹಂಟಿಂಗ್ಟನ್ ಬ್ಯಾಂಕ್ ಎಂದು ಬದಲಾಯಿತು. ಮಡಿದವರ ಹೆಸರನ್ನು ಕಂಬದ ಮೇಲೆ ಕೆತ್ತಿದ ಕಾಲಕ್ಕೂ ಈ ಕಾಲಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಆದರೂ ಹೊಸ ಮನೆಯಲ್ಲಿ ಒಂದು ವಿವೇಕವಿತ್ತು. ಬಾಡಿಗೆ ಮನೆಗಿಂತ ಅದು ಚಿಕ್ಕದು, ಪೀಠಗಳು 50,805. ಮೇಲೆ ಛಾವಣಿಯಿಲ್ಲ. ಹಿಮದ ನಾಡಿನಲ್ಲಿ ಬಯಲ ಕ್ರೀಡಾಂಗಣವೇ ಎಂದು ನಕ್ಕವರಿಗೆ ಕಾಲವೇ ಉತ್ತರ ಹೇಳಿತು. 2010ರ ಡಿಸೆಂಬರ್ 12ರಂದು ಬಿದ್ದ ಹಿಮದ ಭಾರಕ್ಕೆ ಮೆಟ್ರೊಡೋಮಿನ ಗಾಳಿಯ ಛಾವಣಿ ಹರಿದು ಕುಸಿಯಿತು. ಎಂಟು ದಿನಗಳ ಮೇಲೆ ವೃತ್ತಿ ತಂಡದವರು ತಮ್ಮ ಪಂದ್ಯವನ್ನು ಆಡಿದ್ದು ವಿಶ್ವವಿದ್ಯಾನಿಲಯದ ಬಯಲಿನಲ್ಲಿ. 2014ರಲ್ಲಿ ಮೆಟ್ರೊಡೋಮನ್ನು ಕೆಡವಿದ ಮೇಲೆ ಎರಡು ಪೂರ್ಣ ಋತುಗಳನ್ನೂ ಅವರು ಅಲ್ಲಿಯೇ ಕಳೆದರು. ಹಿಂದಿನ ಬಾಡಿಗೆದಾರ ಈಗ ಮನೆಯ ಯಜಮಾನನಾಗಿದ್ದ.

ಮಿನ್ನೆಸೋಟ ಮರಳಿದ ಮೇಲೆ ಮಿಕ್ಕವರಿಗೂ ಧೈರ್ಯ ಬಂದಿತು. ಟುಲೇನ್ 2014ರಲ್ಲಿ ತನ್ನ ಆವರಣದಲ್ಲಿ ಮೂವತ್ತು ಸಾವಿರ ಜನಕ್ಕೆ ಸಾಲುವ ಕ್ರೀಡಾಂಗಣವನ್ನು ತೆರೆಯಿತು. ನಡುವಿನ ನಾಲ್ಕು ದಶಕಗಳಲ್ಲಿ ಸುತ್ತಣ ಬಡಾವಣೆಯ ಜನ ಆಟವಿಲ್ಲದ ಶನಿವಾರಗಳಿಗೆ ಒಗ್ಗಿಹೋಗಿದ್ದರು. ಗದ್ದಲ, ಬೆಳಕು, ವಾಹನಗಳ ಸಾಲು ಬೇಡವೆಂದು ಅವರು ತಕರಾರೆತ್ತಿದರು. ವಿಷಯ ನಗರಸಭೆಯವರೆಗೂ ಹೋಯಿತು. ಕೊಲರಾಡೊ ರಾಜ್ಯ ವಿಶ್ವವಿದ್ಯಾನಿಲಯ 22 ಕೋಟಿ ಡಾಲರಿನ ಕ್ರೀಡಾಂಗಣವನ್ನು 2017ರಲ್ಲಿ ಊರ ನಡುವಿನ ತನ್ನ ಆವರಣದಲ್ಲಿ ತೆರೆಯಿತು. ದಾನದ ಹಣ ಸಾಲದೆ ಸಾಲಪತ್ರಗಳನ್ನು ಮಾರಬೇಕಾಯಿತು. ಆಟದ ಉತ್ಪನ್ನದಿಂದಲೇ ತೀರಿಸುತ್ತೇವೆಂದು ಆಡಳಿತದವರು ಹೇಳಿದರೆ, ತಂಡ ಸೋತು ಜನ ಬಾರದಿದ್ದರೆ ಗತಿಯೇನು ಎಂದು ಊರಿನವರು ಕೇಳಿದರು. ಆ ಪ್ರಶ್ನೆ ಸುಳ್ಳು ಭಯದ್ದಲ್ಲ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ 1923ರ ಕ್ರೀಡಾಂಗಣವೊಂದು ಭೂಕಂಪದ ಬಿರುಕಿನ ಮೇಲೆಯೇ ನಿಂತಿದೆ. ಅದನ್ನು ಭದ್ರಪಡಿಸಿ 2012ರಲ್ಲಿ ಮತ್ತೆ ತೆರೆಯಲು 32 ಕೋಟಿ ಡಾಲರಿಗೂ ಹೆಚ್ಚು ಹಿಡಿಯಿತು. ದೀರ್ಘಾವಧಿಗೆ ಪೀಠಗಳನ್ನು ಮಾರಿ ಸಾಲ ತೀರಿಸುವ ಯೋಜನೆ ಎಣಿಸಿದಂತೆ ನಡೆಯಲಿಲ್ಲ. ದೊಡ್ಡ ಪಾಲಿನ ಹೊರೆ ಮುಂದೆ ವಿಶ್ವವಿದ್ಯಾನಿಲಯದ ತಲೆಯ ಮೇಲೆ ಬಂದಿತು. ಆಟದ ಸಾಲ ಪಾಠದ ಬೊಕ್ಕಸಕ್ಕೆ ಕೈಹಾಕುವುದೆಂದರೆ ಹೀಗೆ.

ಹಾಗಾದರೆ ಅಂಗಳದಲ್ಲಿ ಕ್ರೀಡಾಂಗಣ ಕಟ್ಟುವುದು ಸರಿಯೋ ತಪ್ಪೋ? ಚರಿತ್ರೆ ಒಂದೇ ಮಾತಿನ ತೀರ್ಪನ್ನು ಕೊಡುವುದಿಲ್ಲ. ಮಿನ್ನೆಸೋಟದಲ್ಲಿಯೂ ಹೊಸತನದ ಬೆರಗು ಕಳೆದ ಮೇಲೆ ವಿದ್ಯಾರ್ಥಿಗಳ ಸಾಲುಗಳಲ್ಲಿ ಖಾಲಿ ಪೀಠಗಳು ಕಂಡದ್ದುಂಟು. ಮನೆ ಕಟ್ಟಿದ ಮಾತ್ರಕ್ಕೆ ಮಕ್ಕಳು ಮನೆಯಲ್ಲೇ ಇರುತ್ತಾರೆಂಬ ಭರವಸೆಯಿಲ್ಲ. ಷಿಕಾಗೋದವರು ಆಟವನ್ನು ಬಿಟ್ಟು ಕೆಡಲಿಲ್ಲ. ಆದರೆ ಒಂದು ಸಂಗತಿ ಸ್ಪಷ್ಟವಾಗಿದೆ. ಬಿಟ್ಟುಹೋದವರು ಲೆಕ್ಕ ಹಾಕಿದ್ದು ಪೀಠ ಎಷ್ಟು, ಬಾಡಿಗೆ ಎಷ್ಟು ಎಂದು. ಮರಳಿದವರು ಲೆಕ್ಕ ಹಾಕಿದ್ದು ವಿದ್ಯಾರ್ಥಿಯ ಕೊಠಡಿಯಿಂದ ಆಟದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು. ಮರಳಿದವರಲ್ಲಿ ಮಿನ್ನೆಸೋಟವೂ ಟುಲೇನೂ ತಾವು ಬಿಟ್ಟುಬಂದುದಕ್ಕಿಂತ ಚಿಕ್ಕದನ್ನೇ ಕಟ್ಟಿಕೊಂಡವು ಎಂಬುದನ್ನೂ ಮರೆಯಬಾರದು. ಹಾಸಿಗೆಯನ್ನು ಅಳೆದು ಕಾಲು ಚಾಚುವ ಬುದ್ಧಿ ಒಂದು ಸುತ್ತು ಹೊರಗೆ ಹೋಗಿಬಂದ ಮೇಲೆ ಬಂದಿತು.

ಕಾಂಕ್ರೀಟು ಒಮ್ಮೆ ಗಟ್ಟಿಯಾದರೆ ಅದು ಆಟದ ನಿಯಮವನ್ನೂ ಬದಲಿಸುತ್ತದೆಂದು 1906ರಲ್ಲಿ ಕಂಡೆವು. ಕಾಲೇಜಿನ ನಡೆನುಡಿಯನ್ನೂ ಬದಲಿಸುತ್ತದೆ. ಆದ್ದರಿಂದ ಕ್ರೀಡಾಂಗಣದ ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಎಂಜಿನಿಯರರಿಗೆ ಸೇರಿದ್ದಲ್ಲ. ವರ್ಷದ ಆ ಆರೇಳು ಶನಿವಾರಗಳಂದು ಇಲ್ಲಿ ಹಬ್ಬ ಮಾಡುವವರು ಯಾರು, ಉಳಿದ ದಿನಗಳಲ್ಲಿ ಇದರ ಬೀಗದ ಕೈ ಯಾರ ಬಳಿ ಇರುತ್ತದೆ, ಸೋತ ವರ್ಷದಲ್ಲಿ ಬಡ್ಡಿಯನ್ನು ಕಟ್ಟುವವರು ಯಾರು? ಈ ಮೂರಕ್ಕೂ ಬಾಗಿಲು ತೆರೆಯುವ ಮೊದಲೇ ಉತ್ತರ ಬರೆದಿಟ್ಟುಕೊಂಡ ವಿದ್ಯಾಲಯ ನಿಶ್ಚಿಂತೆಯಿಂದ ತಳಪಾಯ ತೋಡಬಹುದು.